ಗೆಜ್ಜೆ ಕಟ್ಟಿದ ಗಿಳಿಗಳ ಗೋಡೆ

ಚಿಗವ್ವನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಯಾವಾಗಲೂ ಕೆಮ್ಮಣ್ಣು ಇರುತ್ತಿತ್ತು. ರೊಟ್ಟಿ ಬಡಿಯುವ ಮುಂಚೆ ತಂಬಿಗೆ ನೀರು ಸುರಿದುಕೊಂಡು ಎಷ್ಟು ತಿಕ್ಕಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಒಮ್ಮೊಮ್ಮೆ ಬಿಳಿ ಜೋಳದ ರೊಟ್ಟಿಯ ಅಂಚಿಗೆ ಸಣ್ಣದೊಂದು ಕೆಂಪು ಗೆರೆ ಬೀಳುತ್ತಿತ್ತು. ಅದನ್ನು ಮಗನಿಗೆ ತೋರಿಸಿ, "ನೋಡಲೇ, ರೊಟ್ಟಿ ದಡಿ ಸೀರಿ ಉಟ್ಟೈತಿ" ಎನ್ನುತ್ತಿದ್ದಳು. ಹುಡುಗ ನಗುತ್ತ ಆ ಅಂಚನ್ನೇ ಮೊದಲು ಮುರಿದುಕೊಂಡು ತಿನ್ನುತ್ತಿದ್ದ.

ಅವಳು ನನ್ನ ಸ್ವಂತ ಚಿಗವ್ವನಲ್ಲ, ಅಂದರೆ ಚಿಕ್ಕಮ್ಮನಲ್ಲ. ಮುಂಡರಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಂದು ನಿಂತವಳು. ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ ಅದು. ನಮ್ಮೂರಿನ ಶಾಲೆಯ ಮೇಲೆ ಬಾವುಟ ಏರಿ ನಾಲ್ಕು ತಿಂಗಳಾಗಿತ್ತು. ಆದರೆ ಮೂಡಲಕ್ಕೆ ಒಂದೆರಡು ಹರದಾರಿ ನಡೆದರೆ ಮೊಗಲಾಯಿ, ಅಂದರೆ ನಿಜಾಮನ ಸೀಮೆ. ಅಲ್ಲಿ ದಿನಾ ಗಲಾಟೆ, ಊರಿಗೆ ಊರೇ ಉರಿದ ಸುದ್ದಿ. ಗಡಿ ದಾಟಿ ಬಂದವರಿಗೆ ನಮ್ಮೂರವರು ಕೊಟ್ಟಿಗೆ, ಪಡಸಾಲೆ, ಗುಡಿಯ ಕಟ್ಟೆ ಬಿಟ್ಟುಕೊಟ್ಟಿದ್ದರು. ಶಾಲಾ ಮಾಸ್ತರರಾಗಿದ್ದ ನನ್ನಪ್ಪ ಚಿಗವ್ವ, ಅವಳ ಗಂಡ, ನಾಲ್ಕು ವರ್ಷದ ಮಗ, ಮೊಲೆ ಕುಡಿಯುವ ಕೂಸು, ಇಷ್ಟು ಮಂದಿಯನ್ನು ಮನೆಗೆ ಕರೆತಂದರು.

ಅವರು ಊರು ಬಿಟ್ಟದ್ದು ಎರಡು ಗಾಡಿಗಳಲ್ಲಿ. ಮುಂದಿನದರಲ್ಲಿ ಈ ನಾಲ್ವರು. ಹಿಂದಿನದರಲ್ಲಿ ಚಿಗವ್ವನ ಅತ್ತೆ ಮತ್ತು ಏಳು ವರ್ಷದ ಹಿರಿಯ ಮಗಳು. ಹಳ್ಳ ದಾಟುವಾಗ ಹಿಂದೆ ಕೂಗು ಕೇಳಿತಂತೆ. ಮುಂದಿನ ಗಾಡಿ ನಿಲ್ಲಲಿಲ್ಲ. ಮೂರು ದಿನದ ಮೇಲೆ ಗಂಡಸರು ಹೋಗಿ ಹುಡುಕಿದಾಗ ಗಾಡಿ ಮಗುಚಿ ಬಿದ್ದಿತ್ತು, ಅತ್ತೆಯ ಹೆಣ ಸಿಕ್ಕಿತು. ಹುಡುಗಿ ಸಿಗಲಿಲ್ಲ.

ನಮ್ಮ ಮನೆಗೆ ಬಂದು ಹದಿನೈದು ದಿನ ಚಿಗವ್ವ ಯಾರೊಂದಿಗೂ ಮಾತಾಡಲಿಲ್ಲ. ಹದಿನಾರನೆಯ ದಿನವೋ ಏನೋ, ಅಪ್ಪ ಶಾಲೆಗೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಮಾಸ್ತರ, ಹೊರಗಿನ ಗ್ವಾಡಿ ಮ್ಯಾಲ ಒಂದು ಚಿತ್ರ ಬರೀಲೇನ್ರಿ?"

"ಬರಿಯವಾ, ಅದಕ್ಕೇನು ಕೇಳ್ತಿ? ಮಣ್ಣಿನ ಗ್ವಾಡಿ ಅದು."

ಆ ದಿನ ಅವಳು ಕೆಮ್ಮಣ್ಣು ಕಲಸಿದಳು. ಸುಣ್ಣ ತಿಳಿಗೊಳಿಸಿದಳು. ಬಟ್ಟೆಗೆ ಹಾಕುವ ನೀಲಿಯನ್ನು ಅವ್ವನಿಂದ ಇಸಿದುಕೊಂಡಳು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡಳು. ಬೀದಿಗೆ ಕಾಣುವ ಗೋಡೆಯ ಮೇಲೆ ಎರಡು ಗಿಳಿ ಬರೆದಳು, ಆಳೆತ್ತರದವು. ಎರಡೂ ಬೆನ್ನಿಗೆ ಬೆನ್ನು ಮಾಡಿ ಕುಳಿತು, ಕುತ್ತಿಗೆ ತಿರುಗಿಸಿ ಒಂದನ್ನೊಂದು ನೋಡುತ್ತಿದ್ದವು. ಅವುಗಳ ಕಾಲಿಗೆ ಗೆಜ್ಜೆ ಇತ್ತು. ಗಿಳಿಗೆ ಗೆಜ್ಜೆ ಕಟ್ಟಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಓಣಿಯ ಮಕ್ಕಳೆಲ್ಲ ನಕ್ಕೆವು.

ಅವ್ವ ಕೇಳಿದ್ದಕ್ಕೆ ಚಿಗವ್ವ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು. "ಊರಾಗ ನಮ್ಮ ಮನಿ ಮುಂದೂ ಇವೇ ಇದ್ದುವ್ರೀ. ನನ್ನ ಮಗಳು ನಾಕು ವರ್ಷದಾಕಿ ಇದ್ದಾಗ, ನನ್ನ ಕಾಲಾಗ ಗೆಜ್ಜಿ ಅದಾವು, ಗಿಣಿಗೆ ಯಾಕಿಲ್ಲ ಅಂತ ಹಟ ಹಿಡದು ಅತ್ತಳು. ಅವತ್ತಿಂದ ಗೆಜ್ಜಿ ಬರದೆ. ಆಕಿಗೆ ಓದಾಕ ಬರಂಗಿಲ್ಲ. ಊರ ಹೆಸರು ಹೇಳಿದ್ರ ಮರತಾಳು. ಇವನ್ನ ಮರಿಯಂಗಿಲ್ಲ."

ಬಳೆಗಾರ ಬಂದರೆ, ಕಂಬಳಿ ಮಾರುವವರು ಬಂದರೆ, ಗಡಿಯಾಚೆ ಹೋಗುವ ಯಾರೇ ಬಂದರೂ ಚಿಗವ್ವ ಅವರಿಗೆ ನೀರು ಕೊಟ್ಟು ಗೋಡೆ ತೋರಿಸುತ್ತಿದ್ದಳು. "ಮುಂಡರಗ್ಯಾಗ ಗೆಜ್ಜಿ ಕಟ್ಟಿದ ಗಿಣಿ ಬರದ ಮನಿ ಐತಿ ಅಂತ ಹೋದಲ್ಲೆಲ್ಲಾ ಹೇಳ್ರೆಪಾ. ಕೇಳಬೇಕಾದಾಕಿ ಕೇಳ್ತಾಳ."

ನೋಡನೋಡುತ್ತ ಆ ಕೋಣೆ ನಮ್ಮ ಓಣಿಯ ಮಕ್ಕಳಿಗೆಲ್ಲ ಮನೆಯಾಯಿತು. ಚಿಗವ್ವನ ಗಂಡ ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಕೆಲಸಕ್ಕೆ ಹೋಗುತ್ತಿದ್ದ. ಅವಳು ಮಕ್ಕಳನ್ನು ಕೂಡಿಸಿಕೊಂಡು ಒಡೆದ ಬಳೆಚೂರುಗಳನ್ನು ಹಸಿ ಮಣ್ಣಿಗೆ ಒತ್ತಿಸುತ್ತಿದ್ದಳು. ಹುಣಸೆ ಬೀಜಗಳ ಸಾಲು ಹಚ್ಚಿ ಬಾಗಿಲಿಗೆ ಅಂಚು ಕಟ್ಟಿಸುತ್ತಿದ್ದಳು. ಹಳೆಯ ಅಂಗಿ, ಕುಂಚಿಗೆಗಳ ತುಂಡು ಸೇರಿಸಿ ಕೌದಿ ಹೊಲಿಯುವಾಗ ಯಾವ ತುಂಡು ಎಲ್ಲಿ ಬರಬೇಕೆಂದು ನಾವೇ ಹೇಳಬೇಕಿತ್ತು. ಅವ್ವ "ಗ್ವಾಡಿ ಹೊಲಸು ಮಾಡ್ಯಾವು ನೋಡು" ಎಂದು ಬೈದರೆ, "ಬೈಬ್ಯಾಡ್ರೀ ಅಕ್ಕಾರ. ಮಕ್ಕಳ ಕೈ ಹತ್ತದ ಗ್ವಾಡಿ ಮನೀದಲ್ಲ, ಚಾವಡೀದು" ಎನ್ನುತ್ತಿದ್ದಳು.

ಒಳಗೋಡೆಯಲ್ಲಿ ನಾಲ್ಕು ಗೂಡುಗಳಿದ್ದವು. ಒಂದನ್ನು ಮಗನಿಗೆ ಕೊಟ್ಟಳು, ಒಂದನ್ನು ಕೂಸಿಗೆ, ಒಂದನ್ನು ನನಗೆ. ನಮ್ಮ ಗೂಡನ್ನೂ ಕೂಸಿನದನ್ನೂ ನಾವೇ ಸಿಂಗರಿಸಬೇಕು, ಅವಳು ಕೈ ಹಚ್ಚುತ್ತಿರಲಿಲ್ಲ. ನಾಲ್ಕನೆಯದನ್ನು ಮಾತ್ರ ಅವಳೇ ಸಿಂಗರಿಸುತ್ತಿದ್ದಳು. ಅದರ ಸುತ್ತ ಮಣಿಯ ಅಂಚು, ಒಳಗೆ ಒಂದು ನವಿಲುಗರಿ, ಮರದ ಸಣ್ಣ ಬಟ್ಟಲು. ಹಬ್ಬದ ದಿನ ಏನು ಮಾಡಿದರೂ ಒಂದು ಚೂರು ಆ ಬಟ್ಟಲಿಗೆ. "ಅದು ಅಕ್ಕಂದು" ಎಂದು ಅವಳ ಮಗ ನನಗೆ ಹೇಳುತ್ತಿದ್ದ. ಆಟದಲ್ಲಿ ಪಾಲು ಹಂಚುವಾಗಲೂ ಅವನು ಅಕ್ಕನಿಗೊಂದು ಪಾಲು ತೆಗೆಯುತ್ತಿದ್ದ. ಸಂಜೆ ಒಳಗೆ ಮಬ್ಬಾಗುವ ಹೊತ್ತಿಗೆ ಆ ಗೂಡಿನ ಕಡೆ ನೋಡಲು ನನಗೆ ಅಂಜಿಕೆಯಾಗುತ್ತಿತ್ತು. ಅಲ್ಲಿ ನನ್ನ ಎತ್ತರದ ಹುಡುಗಿಯೊಬ್ಬಳು ನಿಂತು, ನಾನು ಚಿಗವ್ವನ ತೊಡೆಯ ಮೇಲೆ ಮಲಗಿದ್ದನ್ನು ನೋಡುತ್ತಿದ್ದಾಳೆ ಅನಿಸುತ್ತಿತ್ತು.

ಮರುವರ್ಷ ಮೊಗಲಾಯಿಯ ಗಲಾಟೆ ಅಡಗಿತು. ಹಾದಿಗಳು ತೆರೆದವು. ಬಂದವರಲ್ಲಿ ಹೆಚ್ಚಿನವರು ತಿರುಗಿ ಹೋದರು. ಚಿಗವ್ವನ ಗಂಡನೂ ಹೋಗೋಣವೆಂದ. ಅವಳು ಏಳಲಿಲ್ಲ. "ಹೇಳಿ ಕಳಿಸಿದ್ದು ಈ ಮನಿ ಗುರ್ತು. ನಾವ ಎದ್ದು ಹೋದ್ರ ಆಕಿ ಯಾರ ಮನೀಗೆ ಬರಬೇಕು?" ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ಆಮೇಲಿನ ಯುಗಾದಿಗೆ ನಾಲ್ಕು ದಿನವಿತ್ತು. ನನಗೆ ಗದ್ದಬಾವು, ಜ್ವರ ಬಂದು ಶಾಲೆ ಬಿಡಿಸಿದ್ದರು. ಬೇಸರಕ್ಕೆ ಚಿಗವ್ವನ ಕೋಣೆಗೆ ಹೋಗಿ ನಾಲ್ಕನೆಯ ಗೂಡಿನ ನವಿಲುಗರಿ ತೆಗೆದು ಕೆನ್ನೆಗೆ ಸವರಿಕೊಳ್ಳುತ್ತ ಕೂತಿದ್ದೆ. ಚಿಗವ್ವ ಬಂದವಳು ಅದನ್ನು ಕೈಯಿಂದ ಕಿತ್ತುಕೊಂಡಳು. "ಅದು ಆಕೀದು. ಮುಟ್ಟಬ್ಯಾಡ ಅಂತ ಎಷ್ಟು ಸರ್ತಿ ಹೇಳಬೇಕು?" ಎಂದಳು. ಅವಳು ನನಗೆ ಗಡುಸಾಗಿ ಮಾತಾಡಿದ್ದು ಅದೊಂದೇ ಸಲ. ಎದುರಿಗಿದ್ದವಳು ನಾನು. ಜ್ವರ ಬಂದವಳು ನಾನು. ಆದರೂ ಇಲ್ಲದವಳೇ ಹೆಚ್ಚು.

ಮರುದಿನ ಅವ್ವ, ಚಿಗವ್ವ ಇಬ್ಬರೂ ನನ್ನೊಬ್ಬಳನ್ನು ಮನೆಯಲ್ಲಿ ಬಿಟ್ಟು, ಉಳಿದ ಮಕ್ಕಳನ್ನು ಕಟ್ಟಿಕೊಂಡು ಹತ್ತಿ ಬಿಡಿಸಲು ಹೊಲಕ್ಕೆ ಹೋದರು. ಅದು ಹತ್ತಿಯ ಸುಗ್ಗಿ, ಓಣಿಯಲ್ಲಿ ಒಂದು ಮನೆಯ ಬಾಗಿಲೂ ತೆರೆದಿರಲಿಲ್ಲ. ಹಬ್ಬಕ್ಕೆ ಗೋಡೆ ಸಾರಿಸಲೆಂದು ಅವ್ವ ಸೆಗಣಿ, ಮಣ್ಣು ಕಲಸಿ ಬುಟ್ಟಿ ತುಂಬ ರಾಡಿ ಮಾಡಿಟ್ಟಿದ್ದಳು. ನಾನು ಬುಟ್ಟಿಯನ್ನು ಬೀದಿಗೆ ಎಳೆದುಕೊಂಡು ಹೋದೆ. ಎರಡೂ ಕೈ ತುಂಬ ತೆಗೆದು ಗಿಳಿಗಳ ಮೇಲೆ ಬಳಿದೆ. ಮೊದಲು ಗೆಜ್ಜೆ ಮುಚ್ಚಿಹೋದವು. ನನ್ನ ಕೈ ಎಟುಕದಲ್ಲಿ ಒರಳುಕಲ್ಲು ಉರುಳಿಸಿ ತಂದು, ಅದರ ಮೇಲೆ ಹತ್ತಿ ನಿಂತು ಕೊಕ್ಕು ಮುಚ್ಚಿದೆ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಗೋಡೆ ಬರಿ ಮಣ್ಣಾಗಿತ್ತು.

ಕಲ್ಲಿನಿಂದ ಇಳಿಯುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

"ತಂಗೀ, ಗೆಜ್ಜಿ ಕಟ್ಟಿದ ಗಿಣಿ ಬರದ ಮನಿ ಈ ಕಡೆ ಐತಂತ. ಎಲ್ಲೈತೆವಾ?"

ಹೆಗಲ ಮೇಲೆ ಕಂಬಳಿ ಹಾಕಿಕೊಂಡ ವಯಸ್ಸಾದ ಮನುಷ್ಯ. ಅವನ ಧೋತರದ ಚುಂಗು ಹಿಡಿದು ಒಬ್ಬ ಹುಡುಗಿ ನಿಂತಿದ್ದಳು. ನನ್ನದೇ ಎತ್ತರ. ಹಸಿರು ಪರಕಾರ ಉಟ್ಟಿದ್ದಳು, ಕಾಲಲ್ಲಿ ದೊಡ್ಡವರ ಹಳೆಯ ಚಪ್ಪಲಿ. ಅವಳು ನನ್ನನ್ನು ನೋಡಲಿಲ್ಲ. ಗೋಡೆಯನ್ನೇ ನೋಡುತ್ತಿದ್ದಳು, ಏನೋ ನೆನಪಿಸಿಕೊಳ್ಳುವವಳ ಹಾಗೆ.

ನನ್ನ ಮೊಣಕೈಯವರೆಗೂ ರಾಡಿ ಮೆತ್ತಿತ್ತು. ಹೌದೆಂದರೆ ನಾನು ಮಾಡಿದ್ದು ಗೊತ್ತಾಗುತ್ತದೆ. ಹೌದೆಂದರೆ ಅವಳು ಒಳಗೆ ಬರುತ್ತಾಳೆ.

"ಇಲ್ಲ" ಎಂದೆ. "ಈ ಓಣ್ಯಾಗ ಅಂಥಾ ಮನಿ ಇಲ್ಲ."

"ಹಂಗಾದ್ರ ಸುಳ್ಳು ಹೇಳ್ಯಾರ" ಎಂದು ಆತ ಹುಡುಗಿಯ ಕಡೆ ತಿರುಗಿದ. "ನಡಿಯವಾ." ಇಬ್ಬರೂ ಶಿರಹಟ್ಟಿಯ ಹಾದಿ ಹಿಡಿದರು. ಓಣಿ ತಿರುಗುವಲ್ಲಿ ಹುಡುಗಿ ಒಮ್ಮೆ ಹಿಂದೆ ನೋಡಿದಳು. ನಾನು ಒಳಗೆ ಓಡಿ ಜೋಳದ ಚೀಲಗಳ ಹಿಂದೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಧೈರ್ಯ ಮಾಡಿ ಶಿರಹಟ್ಟಿ ಹಾದಿಯ ಬೇವಿನ ಗಿಡದವರೆಗೆ ಓಡಿದೆ. ಧೂಳು ಬಿಟ್ಟರೆ ಏನೂ ಇರಲಿಲ್ಲ.

ಸಂಜೆ ಚಿಗವ್ವ ಹತ್ತಿಯ ಗಂಟು ಹೊತ್ತು ಬಂದು ಗೋಡೆಯ ಮುಂದೆ ನಿಂತಳು. ಹಬ್ಬಕ್ಕೆ ಸಾರಿಸಿದೆ ಎಂದು ನಾನೇ ಹೇಳಿದೆ. ಅವ್ವ ಹೊಡೆಯಲು ಕೈ ಎತ್ತಿದಾಗ ಚಿಗವ್ವ ಅಡ್ಡ ಬಂದಳು. ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರದಾಗ ಇಷ್ಟು ದುಡಿದಿ ಏನವಾ ಹುಚ್ಚಿ? ಬಿಡ್ರೀ ಅಕ್ಕಾರ. ನಾಳೆ ಬರೀತೀನಿ. ಒಂದು ದಿವಸದಾಗ ಏನಾಗ್ತೈತಿ?"

ಮರುದಿನ ಅವಳು ಅದೇ ಗಿಳಿಗಳನ್ನು ಮತ್ತೆ ಬರೆದಳು. ಬಣ್ಣದ ಬಟ್ಟಲು ಹಿಡಿದು ನಿಂತವಳು ನಾನೇ.

ಆಮೇಲೆ ಆ ಕೋಣೆಯಲ್ಲಿ ಸಂಜೆ ನನಗೆ ಕಾಣುತ್ತಿದ್ದ ಹುಡುಗಿಗೆ ಮುಖ ಬಂತು. ಹಸಿರು ಪರಕಾರ ಬಂತು. ಹೇಳಬೇಕೆಂದು ಎಷ್ಟೋ ಸಲ ಚಿಗವ್ವನ ಹತ್ತಿರ ಹೋದೆ. ಪ್ರತಿ ಸಲವೂ ಅವಳು "ಏನ ನನ್ನವ್ವ?" ಎನ್ನುತ್ತಿದ್ದಳು. ಆ ದನಿ ಕೇಳಿ ಬೇರೆ ಏನನ್ನೋ ಹೇಳಿ ಬರುತ್ತಿದ್ದೆ. ವರ್ಷಗಳು ಹೋದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಕನ್ನಡ ಸೀಮೆಯೆಲ್ಲ ಒಂದಾದ ದಿನ ಅಪ್ಪನ ಶಾಲೆಗೆ ಮಾವಿನೆಲೆ, ಬಣ್ಣದ ಕಾಗದಗಳ ತೋರಣ ಕಟ್ಟಿಸಿದ್ದು ಚಿಗವ್ವನೇ. ಇಪ್ಪತ್ತು ಮಕ್ಕಳನ್ನು ಸಾಲಾಗಿ ಕೂಡಿಸಿ ಅಂಟು ಹಚ್ಚಿಸುತ್ತಿದ್ದಳು. ಅಪ್ಪ ಖುಷಿಯಿಂದ, "ಇನ್ನ ಆ ಕಡೆ ಈ ಕಡೆ ಅನ್ನೂದಿಲ್ಲವಾ. ನಿಮ್ಮೂರು ನಮ್ಮೂರು ಎಲ್ಲಾ ಒಂದ ರಾಜ್ಯ" ಎಂದರು.

"ಚಲೋ ಆತ್ರೀ ಮಾಸ್ತರ. ಹಾದಿ ಸಲೀಸಾತು" ಎಂದಳು ಅವಳು. ಆಗ ನನಗೆ ಹದಿನೇಳು. ಕೈಯಲ್ಲಿದ್ದ ಕಾಗದ ಕೆಳಗಿಟ್ಟು ಎದ್ದು ಹೋದೆ.

ನನ್ನನ್ನು ಗದಗಿಗೆ ಕೊಟ್ಟರು. ಚಿಗವ್ವನ ಮಗನಿಗೆ ಬೆಟಗೇರಿಯಲ್ಲಿ ನೇಕಾರರ ಹತ್ತಿರ ಕೆಲಸ ಸಿಕ್ಕಿ, ಗಂಡ ತೀರಿದ ಮೇಲೆ ಗೋಡೆಯ ಗಿಳಿಗಳನ್ನು ಅವ್ವನಿಗೆ ಒಪ್ಪಿಸಿ ಅವಳೂ ಅಲ್ಲಿಗೆ ಬಂದಳು. ವಾರಕ್ಕೊಮ್ಮೆ ನಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಎರಡು ಕೋಣೆಯ ಮನೆಗೆ ಚೆಲುವು ಬಂದದ್ದು ಅವಳಿಂದ. ಹಳೆಯ ಸೀರೆಯ ದಡಿಗಳು ಕಿಟಕಿಯ ಪರದೆಯಾದವು. ನನ್ನ ಮಕ್ಕಳು ಅಂಗೈ ತುಂಬ ಕೆಮ್ಮಣ್ಣು ಮಾಡಿಕೊಂಡು ಅವಳ ಬೆನ್ನ ಮೇಲೆ ಬೀಳುತ್ತಿದ್ದರು. ಇವತ್ತು ಮಕ್ಕಳೊಂದಿಗೆ ಕೂತು ಏನಾದರೂ ಮಾಡಲು ನನಗೆ ಬರುತ್ತದೆ ಎಂದರೆ ಅದು ಅವಳು ಕಲಿಸಿದ್ದು.

ನನ್ನ ಹಿರಿಯ ಮಗಳಿಗೆ ಏಳು ತುಂಬಿತು. ಆ ವರ್ಷ ಅವಳನ್ನು ಅರ್ಧ ತಾಸು ಕಾಣದಿದ್ದರೆ ಓಣಿಯೆಲ್ಲ ಹುಡುಕುತ್ತಿದ್ದೆ. ಚಿಗವ್ವ ಕಾಲು ಬಾತು ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಬೆಟಗೇರಿಗೆ ಹೋದೆ. ಮಧ್ಯಾಹ್ನ. ಸೊಸೆ ನೀರಿಗೆ ಹೋಗಿದ್ದಳು. ಹಾಸಿಗೆಯ ಪಕ್ಕ ಕೂತು, ಮುಖ ನೋಡದೆ, ಒಂದೂ ಬಿಡದೆ ಹೇಳಿದೆ.

ಬೈಯಲಿ, ಹೊಡೆಯಲಿ ಎಂದು ಕಾದೆ.

"ನಡಕೊಂತ ಬಂದಿದ್ಲಾ?" ಎಂದಳು.

"ಹೂಂ."

"ಕಾಲಾಗ ಏನರ ಇತ್ತಾ?"

"ಚಪ್ಪಲಿ ಇದ್ವು. ದೊಡ್ಡವರವು."

"ಹೆದರಿದಂಗ ಇದ್ಲಾ? ಎಳಕೊಂಡು ಬಂದಿದ್ನಾ ಆ ಮನಷ್ಯಾ?"

"ಇಲ್ಲ ಚಿಗವ್ವಾ. ಆಕಿ ತಾನಾಗೇ ಆತನ ಧೋತರ ಹಿಡಕೊಂಡಿದ್ದಳು."

"ತಲಿ?"

"ಎಣ್ಣಿ ಹಚ್ಚಿ ಹೆರಳು ಹಾಕಿತ್ತು."

ಚಿಗವ್ವ ಕಣ್ಣು ಮುಚ್ಚಿದಳು. "ಯಾರೋ ಸಾಕ್ಯಾರ" ಎಂದಳು. ಮತ್ತೆ ಅಂದಳು, "ಯಾರೋ ಸಾಕ್ಯಾರ. ಚಂದಾಗಿ ಸಾಕ್ಯಾರ." ಆಮೇಲೆ ನನ್ನ ಕೈ ಹಿಡಿದಳು. "ಗಾಡಿ ಮಗಚಿದ ದಿನಾನ ಆಕಿ ಸತ್ತಾಳಂತ ನನ್ನ ಹೊಟ್ಟಿ ಹೇಳಿತ್ತು. ಬರ್ತಾಳಂತ ಬರದಿಲ್ಲವಾ ನಾನು. ಸತ್ತಾಕಿ ಹಾದಿ ತಪ್ಪಬಾರದಂತ ಬರದೆ. ಆಕಿ ಬದುಕ್ಯಾಳಂತ ನಿನಗ ಗೊತ್ತಿತ್ತು. ಒಂದು ಮಾತ ಹೇಳಬಾರದಿತ್ತಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಬೆರಳು ಮಡಚಿ ಎಣಿಸತೊಡಗಿದಳು. "ಈಗ ಆಕಿಗೆ ಇಪ್ಪತ್ತೈದು. ಲಗ್ನ ಆಗಿರಬೇಕು. ಎರಡರ ಮಕ್ಕಳಿರಬೇಕು."

ಮಗನನ್ನು ಕರೆದು ಎಲ್ಲ ಹೇಳಿದಳು. ಅವನು ರಜೆ ಹಾಕಿ ಶಿರಹಟ್ಟಿ, ಬೆಳ್ಳಟ್ಟಿ, ಲಕ್ಷ್ಮೇಶ್ವರದವರೆಗೂ ಹೋಗಿ ಕೇಳಿ ಬಂದ. ಸುಳಿವು ಸಿಗಲಿಲ್ಲ. ಅದರಿಂದ ಚಿಗವ್ವ ಕುಗ್ಗಲಿಲ್ಲ. ನಾನು ಹೋದಾಗಲೆಲ್ಲ ಮತ್ತೆ ಹೇಳೆಂದು ಆ ಮಧ್ಯಾಹ್ನವನ್ನು ಹೇಳಿಸಿಕೊಳ್ಳುತ್ತಿದ್ದಳು. ನಾನು "ಇಲ್ಲ" ಎಂದ ಮಾತು ಬಂದಾಗ ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಹುಡುಗಿ ತಿರುಗಿ ನೋಡಿದ ಮಾತಿಗೆ ಮಾತ್ರ ನನ್ನನ್ನು ತಡೆದು, ಇನ್ನೊಮ್ಮೆ ಹೇಳಿಸುತ್ತಿದ್ದಳು.

ಕೊನೆಯ ದಿನಗಳಲ್ಲಿ ನೋಡಲು ಬಂದವರಿಗೆಲ್ಲ, "ನನಗ ಮೂರು ಮಕ್ಕಳ್ರೀ. ದೊಡ್ಡಾಕಿ ಗಂಡನ ಮನ್ಯಾಗ ಅದಾಳ" ಎನ್ನುತ್ತಿದ್ದಳು. ನಾನು ಹೇಳಿದ ಇಪ್ಪತ್ತನೆಯ ದಿನ ತೀರಿಕೊಂಡಳು.

ಆ ಇಪ್ಪತ್ತು ದಿನ ಅವಳ ಮಗಳು ಬದುಕಿದ್ದಳು. ನಾನು ಅಂದೇ ಹೇಳಿದ್ದರೆ ಹದಿನೇಳು ವರ್ಷ ಬದುಕಿರಬಹುದಿತ್ತು.