ಚಿತ್ರಕೃಪೆ: ಅಂತರ್ಜಾಲ

ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಅವರ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಬಲಗಣ್ಣಿನಲ್ಲೇ ಲೋಕ ನೋಡಿ ನೋಡಿ ಎಡ ರೆಪ್ಪೆ ಜೋತುಬಿದ್ದಿತ್ತು. ಕಂಕನಾಡಿಯಲ್ಲಿ ನಮ್ಮ ಮನೆಯ ಕೆಳಗೇ ಅವರ ಫೋಟೋ ಸ್ಟುಡಿಯೋ. ನನಗೆ ಅವರು ಸ್ಟುಡಿಯೋ ಅಂಕಲ್.

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರ ಫೆರಿ ಹತ್ತಿ ನದಿಯಾಚೆಯ ಮೀನುಗಾರರ ಊರು ಬೆಂಗ್ರೆಗೆ ಹೋಗುತ್ತಿದ್ದರು. ಯಾರದೇ ಚಿತ್ರ ತೆಗೆದರೂ ಮುಂದಿನ ವಾರ ಪ್ರಿಂಟನ್ನು ಅವರ ಕೈಗಿತ್ತು, ಬೇರೆಯವರಿಗೆ ತೋರಿಸಬಹುದಾ ಎಂದು ಕೇಳುವುದು ಅಂಕಲ್ ಕ್ರಮ. ಒಪ್ಪಿದವರ ಚಿತ್ರ ಮಾತ್ರ ಅಂತರ್ಜಾಲದ ಒಂದು ಉಚಿತ ಫೋಟೋತಾಣಕ್ಕೆ ಏರುತ್ತಿತ್ತು. ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು ಹಾಕಿ ಎಂದು ನಾನು ಹೇಳಿದರೆ ಜಪ್ಪಯ್ಯ ಎಂದರೂ ಕೇಳಲಿಲ್ಲ.

"ಇನ್ನೊಬ್ಬರ ಮುಖದ ಮೇಲೆ ನನ್ನ ಹೆಸರು ಎಂತಕ್ಕೆ ಮಾರಾಯ್ತಿ?"

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಇದೊಂದರಲ್ಲಿ ಮಾತ್ರ ಸೋತು ಮೇಲೆ ಮನೆಗೆ ಹೋದೆ.

ಬೆಂಗ್ರೆಯಲ್ಲಿ ಬಲೆ ಹೆಣೆಯುವ ಬ್ಯಾರಿ ಮುಸ್ಲಿಂ ಅಜ್ಜಿಯೊಬ್ಬರು, ಅಂಗಡಿ ಗೋಡೆಗೆ ಅಂಟಿಸದಿದ್ದರೆ ಸಾಕು ಎಂದು ಒಪ್ಪಿದ್ದರು. ಅದೇ ಚಿತ್ರ ಒಂದು ದಿನ ಮೀನಿನ ಹೋಟೆಲಿನ ಫ್ಲೆಕ್ಸಿನಲ್ಲಿ ಪ್ರತ್ಯಕ್ಷ. ಬಲೆಯನ್ನು ಅಳಿಸಿ ಅಜ್ಜಿಯ ಕೈಗೆ ಅಂಜಲ್ ಫ್ರೈ ತಟ್ಟೆ ಕೊಟ್ಟಿದ್ದರು. ಕೆಳಗೆ ಸಣ್ಣಕ್ಷರದಲ್ಲಿ, ಚಿತ್ರಕೃಪೆ: ಅಂತರ್ಜಾಲ. ಅಂತರ್ಜಾಲ ಎಂದಾದರೂ ಬಿಸಿಲಲ್ಲಿ ಮೊಣಕಾಲೂರಿ ಕೂತಿತ್ತೇ?

ಕೇಳಲು ಹೋದರೆ, ಚಿತ್ರದ ಮೇಲೆ ಹೆಸರೇ ಇರಲಿಲ್ಲವಲ್ಲ ಎಂದ ಹೋಟೆಲ್ ಮಾಲೀಕ. ಹೆಸರು ಬರೆಯದ ಬೈಕ್ ರಸ್ತೆಯಲ್ಲಿ ಕಂಡರೆ ಓಡಿಸಿಕೊಂಡು ಹೋಗುತ್ತೀರಾ ಎಂದೆ. ಅವನು ನಕ್ಕು, ಊಟ ಮಾಡಿ ಹೋಗಿ, ಬಿಲ್ ಬೇಡ ಎಂದ. ಮನೆಗೆ ಬಂದು ಫೋಟೋತಾಣಕ್ಕೆ ದೂರು ಬರೆದೆ. ಫೋಟೋತಾಣದವರು ಇನ್ನೂ ನಾಜೂಕು. ಚಿತ್ರ ಅಳಿಸಿದ್ದೇವೆ, ಹೊರಗೆ ಹೋದ ಪ್ರತಿಗಳಿಗೆ ನಾವು ಹೊಣೆಯಲ್ಲ ಎಂದು ಬರೆದರು. ಊರವರ ಸೊತ್ತನ್ನೆಲ್ಲ ಬಾಚಿಕೊಂಡು, ಬಾಗಿಲು ತೆರೆದಿಟ್ಟು, ಕಳವಾದಾಗ ಕೈತೊಳೆದುಕೊಳ್ಳುವುದೂ ಒಂದು ವ್ಯಾಪಾರ. ಥೂ.

ವಕೀಲರ ಹೆಸರೆತ್ತಿದ ಮೇಲೆ ಫ್ಲೆಕ್ಸ್ ಇಳಿಯಿತು. ಗೆದ್ದೆ ಎನ್ನಲು ಸ್ಟುಡಿಯೋಗೆ ಓಡಿದೆ. ಅಂಕಲ್ ಆಗಷ್ಟೇ ಬೆಂಗ್ರೆಯಿಂದ ಬಂದಿದ್ದರು.

"ನನ್ನ ಮುಖ ಎಷ್ಟಕ್ಕೆ ಕೊಟ್ರಿ ಅಂತ ಅಜ್ಜಿ ಕೇಳಿದ್ರು," ಎಂದರು. "ಮಾರ್ಲಿಲ್ಲ ಅಂದೆ. ಹಾಗಾದ್ರೆ ಅಲ್ಲಿಗೆ ಹೇಗೆ ಹೋಯ್ತು ಅಂದ್ರು. ನೀನು ಡಿಬೇಟಿನವಳಲ್ವಾ, ನಾನು ಎಂತ ಹೇಳ್ಬೇಕಿತ್ತು?"

ಆಮೇಲೆ ಅವರು ಫೆರಿ ಹತ್ತಲಿಲ್ಲ. ಮಳೆಗಾಲಕ್ಕೆ ಮೊದಲೇ ಹೃದಯಾಘಾತದಲ್ಲಿ ಹೋಗಿಬಿಟ್ಟರು.

ಮಣ್ಣು ಮಾಡಿದ ಮರುವಾರ ನಾನೇ ಬೆಂಗ್ರೆಗೆ ಹೋದೆ. ಫೋಟೋತಾಣ ಎಂದರೇನು, ಕಳ್ಳತನ ಹೇಗೆ ನಡೆಯಿತು ಎಂದೆಲ್ಲ ಅಜ್ಜಿಗೆ ಬಿಡಿಸಿ ಹೇಳಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ವಾದಿಸಿದ್ದಿಲ್ಲ. ಅವರು ಬಲೆಯಿಂದ ಕಣ್ಣೆತ್ತದೆ ಕೇಳಿದರು.

"ಬಿಡು ಮಗಳೇ," ಎಂದರು. "ಹೋದವರಿಗೆ ನಾನು ಮಾಫ್ ಮಾಡಿದ್ದೇನೆ."

ಮಾಡದ ತಪ್ಪಿಗೆ ಸಿಕ್ಕ ಕ್ಷಮೆ. ಬೇಡ ಎನ್ನಲು ಅಂಕಲ್ ಇಲ್ಲ.