ಫಿನಾಯಿಲ್ ಬಕೆಟ್ಟಿನ ಅಜ್ಜಿ

ಹಳ್ಳಿಮೈಸೂರಿನ ಹತ್ತಿರ ಹಂದಿ ಸಾಕಿದ್ದ ಆ ಅಜ್ಜಿ ಪಶುವೈದ್ಯನಾದ ನನ್ನನ್ನೂ ಗೂಡಿನ ಬಾಗಿಲಲ್ಲೇ ತಡೆಯುತ್ತಿದ್ದಳು. ಫಿನಾಯಿಲ್ ನೀರಿನ ಬಕೆಟ್ ತೋರಿಸಿ, "ಮೊದ್ಲು ಕಾಲು, ಆಮೇಲೆ ಡಾಕ್ಟ್ರು" ಅನ್ನುತ್ತಿದ್ದಳು.

ಒಂದು ವರ್ಷ ಹಾಲು ಕುಡಿಯುವ ಹಂದಿಮರಿಗಳಿಗೆ ನೀರಿನಂಥ ಭೇದಿ ಹಬ್ಬಿತು. ಯಾವುದೋ ಹೊಸ ವೈರಸ್ ಇರಬೇಕು, ಮದ್ದಿಲ್ಲ ಎಂದರು ಹಾಸನದಿಂದ ಬಂದ ಹಿರಿಯ ಡಾಕ್ಟರು. ಬೇರೆ ಗೂಡುಗಳನ್ನೆಲ್ಲ ನೋಡಿ, ಅದೇ ಬೂಟಿನಲ್ಲಿ ಅಜ್ಜಿಯ ಗೂಡಿಗೂ ಹೊರಟರು. ಅಜ್ಜಿ ಅಡ್ಡ ನಿಂತಳು.

"ಹೊಸ ಬೂಟು ಕಣಮ್ಮ" ಎಂದರು ಅವರು.

"ಮರಿಗ್ಳೂ ಒಸವೇ ಸಾ, ಮೂರ್ ದಿನದವು" ಎಂದು ಬಕೆಟ್ಟನ್ನು ಮುಂದೆ ತಳ್ಳಿದಳು.

ನಗುತ್ತಲೇ ಅವರು ಬೂಟು ಅದ್ದಿದರು. ಬೇರೆ ಗೂಡುಗಳಲ್ಲಿ ಮರಿಗಳು ಸತ್ತರೂ ಅಜ್ಜಿಯ ಮರಿಗಳೆಲ್ಲ ಉಳಿದವು.

ಮತ್ತೊಮ್ಮೆ ಬಂದಾಗ ಅವರು ಬೂಟನ್ನು ಜೀಪಿನಲ್ಲೇ ಬಿಟ್ಟು, ಪ್ಯಾಂಟ್ ಮಡಚಿ, ನೇರ ಬಕೆಟ್ಟಿನ ಬಳಿ ನಡೆದರು. ಅವಸರದಲ್ಲಿ ಒಳಗೆ ಹೊರಟಿದ್ದ ನನ್ನ ತೋಳು ಹಿಡಿದು ನಿಲ್ಲಿಸಿ ಹೇಳಿದರು: "ಮೊದ್ಲು ಕಾಲು ಕಣ್ರೀ, ಆಮೇಲೆ ಡಾಕ್ಟ್ರು."