ಕಾಯಿ ಬಿದ್ದ ಸದ್ದಿಗೆ ಕೊಬ್ಬರಿ ಚೂರು

ಮಾಘ ಮಾಸದ ಬುಧವಾರ, ಬೆಳಗ್ಗೆ ಏಳು ಗಂಟೆ. ಬಿಳಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಇದ್ದವರು ನಾನು, ನನ್ನ ತಂಗಿ, ಕಾಯಿ ಕೀಳಲು ಬಂದಾತ, ಮತ್ತೆ ಹಾಲುಹಲ್ಲು ಇನ್ನೂ ಬೀಳದ ನಾಯಿಮರಿ.

ಮನೆಗೆ ಬಂದ ಹೊಸದರಲ್ಲಿ ಮರಿ, ಕಾಯಿ ಬಿದ್ದ ಸದ್ದಿಗೆಲ್ಲ ಹೆದರಿ ಮಂಚದಡಿ ಸೇರಿ ಅಲ್ಲೇ ಉಚ್ಚೆ ಹೊಯ್ಯುತ್ತಿತ್ತು. ತೆಂಗಿನ ತೋಟದ ನಡುವಿನ ಮನೆ. ಕಾಯಿ ಬೀಳದ ದಿನ ಯಾವುದು? ಒರೆಸಿ ಒರೆಸಿ ನನ್ನ ಸೊಂಟ ಹೋಯಿತು. ನರ್ಸಾಗಿದ್ದಾಗ ನಾನು ಗದರಿದರೆ ಇಡೀ ವಾರ್ಡು ಸುಮ್ಮನಾಗುತ್ತಿತ್ತು. ಮರಿ ಮಾತ್ರ ಗದರಿದಷ್ಟೂ ಒಳಕ್ಕೆ ಸರಿಯಿತು. ಚುಚ್ಚುಮದ್ದು ಹಾಕಿದ ಪಶುವೈದ್ಯರು, "ಹೆದರಿಸಬೇಡಿ ಸಿಸ್ಟರ್. ಸದ್ದಾದ ಕೂಡಲೇ ಅದಕ್ಕೆ ಇಷ್ಟವಾದದ್ದು ಕೊಡಿ. ಸದ್ದಾದ್ರೆ ಒಳ್ಳೇದಾಗುತ್ತೆ ಅಂತ ಅದೇ ಕಲಿಯುತ್ತೆ" ಎಂದರು.

ನಮ್ಮಲ್ಲಿ ಕೊಬ್ಬರಿಗೇನು ಬರ? ಸೆರಗಿನ ತುದಿಯಲ್ಲಿ ಚೂರು ಕಟ್ಟಿಕೊಂಡೇ ಓಡಾಡಿದೆ. ಕಾಯಿ ದೊಪ್ಪನೆ ಬಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಅದರ ಪಕ್ಕದಲ್ಲೇ ಚೂರಿಟ್ಟು ಮರಿಯನ್ನು ಕರೆಯುತ್ತಿದ್ದೆ. ಬಂದು ತಿಂದರೆ ಬೆನ್ನು ಸವರುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಹೆದರಿಕೆ ಹೋಯಿತು. ಸದ್ಯ ಮುಗಿಯಿತು ಅಂದುಕೊಂಡೆ.

ಆ ಬುಧವಾರ ಕಾಯಿ ಕೀಳುವಾತ ಉದ್ದನೆಯ ಗಳಕ್ಕೆ ಕಟ್ಟಿದ ಕುಡುಗೋಲಿನಿಂದ ಮೊದಲ ಗೊನೆ ಕುಯ್ಯುತ್ತಿದ್ದ. ಒಂದು ಕಾಯಿ ಬಿತ್ತು. ನನ್ನ ಕಾಲ ಬಳಿಯಿದ್ದ ಮರಿ ಬಾಲ ಅಲ್ಲಾಡಿಸುತ್ತಾ ನೇರ ಮರದ ಬುಡಕ್ಕೆ ಓಡಿತು. ಇನ್ನೊಂದು ಕಾಯಿ ಅದರ ಬಾಲದ ಪಕ್ಕದಲ್ಲೇ ಬಿತ್ತು. ಮರಿ ಬೆಚ್ಚಲಿಲ್ಲ. ಕೊಬ್ಬರಿ ಎಲ್ಲಿದೆ ಎಂದು ಮೂಸುತ್ತಾ ಅಲ್ಲೇ ನಿಂತಿತು.

ಆತ ಗಳ ಇಳಿಸಿದ. "ಅಮ್ಮಾರೇ, ಮರೀನ ಹಿಡ್ಕಳ್ರಿ. ತಲೆ ಮ್ಯಾಲೆ ಬಿದ್ರೆ ಆಮೇಲೆ ನನ್ನ ಬೈಬ್ಯಾಡಿ."

"ಅಕ್ಕನೇ ಕಲಿಸಿರೋದು ಕಣಪ್ಪ, ಕಾಯಿ ಬಿದ್ರೆ ಊಟಕ್ಕೆ ಬಾ ಅಂತ," ಎಂದಳು ತಂಗಿ.

"ಸುಮ್ನಿರೇ."

"ನಾನು ಸುಮ್ನಿರ್ತೀನಿ ಕಣಕ್ಕ. ಅದು ಇರಬೇಕಲ್ಲ."

"ಕಟ್ಟಾಕಿ ಬುಡಿ ಅಮ್ಮಾರೇ," ಎಂದ ಆತ.

ಕಟ್ಟಿದೆ. ಆದರೆ ತಾನಾಗಿ ಉದುರುವ ಕಾಯಿ ಹೇಳಿ ಕೇಳಿ ಬೀಳುತ್ತದೆಯೇ? ದಿನವೆಲ್ಲ ಕಟ್ಟಿಹಾಕುವುದಾದರೆ ನಾಯಿ ಸಾಕುವುದೇಕೆ?

ಮಧ್ಯಾಹ್ನ ಆತ ಹೋದ ಮೇಲೆ ಮರಿಯನ್ನು ಬಿಚ್ಚಿ ಮೊದಲಿನಿಂದ ಶುರು ಮಾಡಿದೆ. ತಂಗಿ ಮಹಡಿ ಮೆಟ್ಟಿಲ ಮೇಲೆ ನಿಂತು ಒಂದೊಂದೇ ಕಾಯಿಯನ್ನು ಅಂಗಳಕ್ಕೆ ಎಸೆಯುವುದು. ನಾನು ಜಗಲಿಯಲ್ಲಿ ಚೂರು ಹಿಡಿದು ನಿಲ್ಲುವುದು. ಮರಿ ಕಾಯಿಯ ಬಳಿಗೇ ಓಡುತ್ತಿತ್ತು. ಅಲ್ಲಿ ಏನೂ ಇಲ್ಲ. ಗದರಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅದು ನನ್ನತ್ತ ತಿರುಗಿದ ಕೂಡಲೇ "ಬಾ" ಎನ್ನುತ್ತಿದ್ದೆ, ಬಂದ ಕೂಡಲೇ ಬಗ್ಗಿ ಕೊಡುತ್ತಿದ್ದೆ. ಬಗ್ಗಿದರೆ ಏಳುವುದು ಕಷ್ಟ, ಎದ್ದರೆ ಬಗ್ಗುವುದು ಕಷ್ಟ.

"ಈ ವಯಸ್ಸಲ್ಲಿ ನನ್ನನ್ನ ಮರ ಮಾಡಿದ್ಯಲ್ಲಕ್ಕ," ಎಂದಳು ತಂಗಿ, ಇನ್ನೊಂದು ಕಾಯಿ ಎಸೆದು.

ಬಿಸಿಲು ಇಳಿದ ಮೇಲೆ ಅಂಗಳದ ಕಾಯಿಗಳನ್ನು ಇಬ್ಬರೂ ಆರಿಸುತ್ತಿದ್ದೆವು. ಹಿತ್ತಲ ಕಡೆ ತಾನಾಗಿ ಒಂದು ಕಾಯಿ ಬಿತ್ತು. ಇಬ್ಬರೂ ನಿಂತೆವು. ಮರಿ ಕಿವಿ ನಿಗುರಿಸಿತು, ಅತ್ತ ಎರಡು ಹೆಜ್ಜೆ ಹಾಕಿತು, ನಿಂತಿತು. ಆಮೇಲೆ ಬಂದು ನನ್ನ ಕಾಲ ಬಳಿ ಕೂತು ಮುಖ ನೋಡಿತು. ನಾನು ಕರೆದಿರಲಿಲ್ಲ. ದಣಿದ ಬೆರಳಿಗೆ ಸೆರಗಿನ ಗಂಟು ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಬಿಚ್ಚಿ ಕೊಟ್ಟೆ.

ಒಂದು ಸಲ ಬಂದರೆ ಕಲಿತಂತಲ್ಲ. ನಾಳೆಯೂ ತಂಗಿ ಮೆಟ್ಟಿಲು ಹತ್ತಬೇಕು. ಹಿತ್ತಲಲ್ಲಿ ಬಿದ್ದ ಕಾಯಿಯನ್ನೂ ತಂದು ರಾಶಿಗೆ ಹಾಕಿ, ಕೈ ತೊಳೆದುಕೊಂಡೆ.